ನಡೆಯುವವರ ಹಿಂದೆ ಬರುವ ಗಾಡಿ

ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಬೆಳಗಾವಿ ಜಿಲ್ಲೆಯ ರಾಮದುರ್ಗ, ಸುರೇಬಾನ, ಕಟಕೋಳ ಕಡೆಯ ರಸ್ತೆಗಳು ರಾತ್ರಿಯೂ ಖಾಲಿ ಇರುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಉಧೋ ಉಧೋ ಎನ್ನುತ್ತ ಸಾಗುತ್ತಲೇ ಇರುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ. ಉಳಿದವರಿಗೆ ಚಕ್ಕಡಿ, ಟಂಟಂ, ಕ್ರೂಸರ್, ಸಾರಿಗೆ ಬಸ್ಸು ಮತ್ತು ಟ್ರ್ಯಾಕ್ಟರ್ ಟ್ರೇಲರು. ಟ್ರೇಲರಿನ ಮೇಲೆ ಬಿದಿರು ಬಾಗಿಸಿ ತಾಡಪತ್ರಿ ಹೊದಿಸಿರುತ್ತಾರೆ. ಒಳಗೆ ಕೌದಿ, ಕಟ್ಟಿಗೆ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಕೊಡ, ತೂಕಡಿಸುವ ಮಕ್ಕಳು, ಮೊಣಕಾಲು ಒತ್ತಿಕೊಳ್ಳುವ ಅಜ್ಜಿಯರು. ಒಂದಿಡೀ ಸಂಸಾರ ಚಕ್ರದ ಮೇಲೆ ಹೊರಟಿರುತ್ತದೆ.

ಇಂಥ ಮನೆಗಳಲ್ಲಿ ಈಗೀಗ ಮಗನೋ ಅಳಿಯನೋ ಹೊಸ ಮಾತೊಂದನ್ನು ತೆಗೆಯುತ್ತಾನೆ. ಹಳೇ ವ್ಯಾನೊಂದನ್ನು ಕೊಂಡು, ಒಳಗೆ ಮಡಚುವ ಹಾಸಿಗೆ, ಸಣ್ಣ ಒಲೆ, ನೀರಿನ ಟಾಕಿ ಕೂರಿಸಿಬಿಟ್ಟರೆ ಗೊಡಚಿ, ಎಲ್ಲಮ್ಮನ ಗುಡ್ಡ, ಸೊಗಲ, ಬನಶಂಕರಿ, ಕೂಡಲಸಂಗಮ ಎಲ್ಲವನ್ನೂ ಮನೆಮಂದಿಯೊಂದಿಗೆ ನೆಮ್ಮದಿಯಿಂದ ಮಾಡಿ ಬರಬಹುದು ಎಂಬ ಮಾತು. ಹಿರಿಯರು ಸುಮ್ಮನೆ ಒಪ್ಪುವುದಿಲ್ಲ. “ಮನೀನ ಹೊತಗೊಂಡು ಹ್ವಾದ್ರ ಅದು ಯಾತ್ರೆ ಹೆಂಗಾಗತೈತಿ?” ಎಂದು ಕೇಳುತ್ತಾರೆ. ಇದನ್ನು ಹಳಬರ ಹಠ ಎಂದು ತಳ್ಳಿಹಾಕುವಂತಿಲ್ಲ. ಮನೆ ಬಿಡುವುದೇ ಯಾತ್ರೆಯ ಮೊದಲ ಹೆಜ್ಜೆ ಎಂದು ಹಲವು ಧರ್ಮಗಳು ನಂಬಿವೆ. ಹಾಸಿಗೆ, ಒಲೆ, ಬಚ್ಚಲು ಜೊತೆಗೇ ಬಂದರೆ ಬಿಟ್ಟಿದ್ದೇನು? ಕಷ್ಟ ಪಡದೆ ಕಂಡ ದೇವರಿಗೂ ಕಷ್ಟಪಟ್ಟು ಕಂಡ ದೇವರಿಗೂ ವ್ಯತ್ಯಾಸ ಇದೆಯೇ?

ಉತ್ತರ ಹುಡುಕಲು ಮೊದಲು ಚಕ್ಕಡಿಯನ್ನೇ ನೋಡಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯಲ್ಲಿ ಕಮಾನು ಕಟ್ಟಿದ ಎತ್ತಿನ ಬಂಡಿ ತಲೆತಲಾಂತರದಿಂದ ಯಾತ್ರೆಯ ಮನೆಯೇ ಆಗಿತ್ತು. ಹಗಲು ಅದರೊಳಗೆ ಕೂತು ಸಾಗುವುದು, ರಾತ್ರಿ ಅದರ ಕೆಳಗೆ ಕೌದಿ ಹಾಸಿ ಮಲಗುವುದು, ಬೆಳಿಗ್ಗೆ ಅದರ ಮಗ್ಗುಲಲ್ಲೇ ಮೂರು ಕಲ್ಲು ಹೂಡಿ ಒಲೆ ಹಚ್ಚುವುದು. ಗುಡ್ಡದಲ್ಲಿ ಇಂದಿಗೂ ಹಾಗೆಯೇ. ಜೋಗುಳಭಾವಿಯಲ್ಲೋ ಎಣ್ಣೆಹೊಂಡದಲ್ಲೋ ಮಿಂದು ಬಂದವರು ಗಾಡಿಯ ನೆರಳಲ್ಲಿ ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿ ದೇವಿಯ ಎಡೆಗೆ ಪಡ್ಡಲಗಿ ತುಂಬಿಸುತ್ತಾರೆ. ಮನೆಯನ್ನು ಚಕ್ರದ ಮೇಲೆ ಒಯ್ಯುವುದು ಈ ಭಾಗಕ್ಕೆ ಹೊಸದೇನಲ್ಲ.

ಆದರೆ ಚಕ್ಕಡಿಯೊಳಗೆ ಕೂರುತ್ತಿದ್ದವರು ಯಾರು ಎಂಬುದನ್ನು ಗಮನಿಸಬೇಕು. ಮುದುಕರು, ಬಸುರಿಯರು, ಬಾಣಂತಿಯರು, ಮಕ್ಕಳು ಒಳಗೆ. ಕಾಲಲ್ಲಿ ಕಸುವಿದ್ದವರು ಎತ್ತಿನ ಪಕ್ಕದಲ್ಲಿ ನಡೆಯುತ್ತಿದ್ದರು. ಏರು ಬಂದರೆ ಒಳಗಿದ್ದವರಲ್ಲೂ ಕೆಲವರು ಇಳಿಯುತ್ತಿದ್ದರು, ಏಕೆಂದರೆ ಎತ್ತಿನ ಹೆಗಲೂ ಲೆಕ್ಕಕ್ಕಿತ್ತು. ಬಂಡಿಯ ಸುಖ ಯಾರಿಗೆ ಬೇಕೋ ಅವರಿಗೆ ಸೇರುತ್ತಿತ್ತು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಗಾಡಿಯನ್ನೇ ಒಲ್ಲೆನ್ನುವ ಪರಂಪರೆಯೂ ಇದೇ ಜಿಲ್ಲೆಯಲ್ಲಿದೆ. ದಿಗಂಬರ ಜೈನ ಮುನಿಗಳು ಯಾವ ವಾಹನವನ್ನೂ ಏರುವುದಿಲ್ಲ. ಉರುಳುವ ಚಕ್ರದ ಕೆಳಗೆ ಸಾಯುವ ಸಣ್ಣ ಜೀವಗಳ ಭಾರ ಅವರಿಗೆ ಬೇಡ, ತನ್ನದೆಂಬ ವಸ್ತುವೂ ಬೇಡ. ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಂತು, ಉಳಿದ ಕಾಲವೆಲ್ಲ ನಡೆಯುತ್ತಾರೆ. ಬೆಳಗಾವಿ ಜಿಲ್ಲೆಯ ಭೋಜದ ಆಚಾರ್ಯ ಶಾಂತಿಸಾಗರರು ಹೀಗೆ ನಡೆದೇ ಉತ್ತರ ಭಾರತದವರೆಗೆ ಹೋದವರು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರು. ಅಂಥವರ ಎದುರು ಮಡಚುವ ಹಾಸಿಗೆಯ ಮಾತಾಡಲು ಬಾಯಿ ಬರುವುದಿಲ್ಲ.

ಆದರೂ ಮುನಿಗಳ ವಿಹಾರವನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಂಡಿರುತ್ತದೆ. ಶ್ರಾವಕರ ಗಾಡಿಯೊಂದು ಪಾತ್ರೆ, ಧಾನ್ಯ, ಶುದ್ಧ ನೀರು ಹೇರಿಕೊಂಡು ಮುಂದಿನ ಊರಿಗೆ ಹೋಗಿ ಆಹಾರದ ಚೌಕಾ ಸಿದ್ಧಮಾಡುತ್ತದೆ. ಪಂಢರಪುರದ ವಾರಿಯಲ್ಲೂ ಹೀಗೆಯೇ. ಆಳಂದಿಯಿಂದ ಸುಮಾರು ಮೂರು ವಾರ ನಡೆಯುವ ವಾರಕರಿಗಳ ದಿಂಡಿಗಳ ಜೊತೆ ಲಾರಿಗಳು ಬರುತ್ತವೆ. ಡೇರೆ, ಹಿಟ್ಟಿನ ಚೀಲ, ನೀರಿನ ಟ್ಯಾಂಕರ್, ಕಾಲು ಬೊಬ್ಬೆ ಎದ್ದವರಿಗೆ ಮುಲಾಮು ಎಲ್ಲವೂ ಅವುಗಳಲ್ಲಿ. ನಡೆಯುವವನ ತ್ಯಾಗ ಇದರಿಂದ ಕಡಿಮೆಯಾಗುವುದಿಲ್ಲ. ಆ ತ್ಯಾಗದ ಹಿಂದೆ ಇನ್ನೊಬ್ಬರ ಚಕ್ರವೂ ಉರುಳುತ್ತಿರುತ್ತದೆ, ಆ ಚಕ್ರ ಉರುಳಿಸುವವನೂ ಭಕ್ತನೇ.

ಹಿಂದೆ ಬರುವ ಗಾಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ರಾಮದುರ್ಗ ತಾಲ್ಲೂಕು 2023ರ ಜನವರಿ 5ರಂದು ಕಂಡಿತು. ಮರುದಿನ ಬನದ ಹುಣ್ಣಿಮೆ. ಹುಲಕುಂದದ ಜನ ಎಲ್ಲಮ್ಮನ ದರ್ಶನಕ್ಕೆ ನಡೆದು ಹೊರಟಿದ್ದರು. ದಾರಿಯಲ್ಲಿ ಸಿಕ್ಕ ಸರಕು ಸಾಗಿಸುವ ಪಿಕಪ್ ಗಾಡಿ ಹತ್ತಿದರು. ಚುಂಚನೂರ ಹತ್ತಿರ ಆ ಗಾಡಿ ರಸ್ತೆ ಬದಿಯ ಮರಕ್ಕೆ ಬಡಿಯಿತು. ಆರು ಮಂದಿ ಸತ್ತರು, ಹಲವರು ಗಾಯಗೊಂಡು ಆಸ್ಪತ್ರೆ ಸೇರಿದರು.

ಅವರನ್ನು ದೂರುವುದು ತಪ್ಪು. ರಾತ್ರಿಯ ಚಳಿಯಲ್ಲಿ ನಡೆದು ದಣಿದವರ ಎದುರು ಗಾಡಿಯೊಂದು ನಿಂತರೆ ಯಾರಾದರೂ ಹತ್ತುತ್ತಾರೆ. ಸರಕು ಗಾಡಿಯ ಹಿಂಭಾಗದಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಹಿಡಿದುಕೊಳ್ಳಲು ಕಬ್ಬಿಣದ ಅಂಚು ಮಾತ್ರ. ಸರಕು ಗಾಡಿಯಲ್ಲೂ ಕೃಷಿ ಟ್ರೇಲರಿನಲ್ಲೂ ಜನರನ್ನು ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಜಾತ್ರೆಯ ದಿನಗಳಲ್ಲಿ ಈ ನಿಯಮ ಯಾರ ನೆನಪಿಗೂ ಬರುವುದಿಲ್ಲ. ಕಷ್ಟವೇ ಭಕ್ತಿ ಎನ್ನುವವರು ಈ ಘಟನೆಯ ಎದುರು ನಿಂತು ಯೋಚಿಸಬೇಕು. ತಾನಾಗಿ ಹೊತ್ತ ಕಷ್ಟ ವ್ರತ. ಬೇರೆ ದಾರಿಯಿಲ್ಲದೆ ಬಡವರ ಮೇಲೆ ಬಿದ್ದ ಅಪಾಯವನ್ನು ವ್ರತವೆಂದು ಕರೆಯುವುದು ಅಧರ್ಮ.

ಬಸವಣ್ಣ ಕಲ್ಲಿನ ಗುಡಿಗಿಂತ ದೇಹವನ್ನೇ ದೇಗುಲವೆಂದು ಬಗೆದ. ಆ ಮಾತನ್ನು ಮನಸಾರೆ ಒಪ್ಪುವುದಾದರೆ ಅಜ್ಜಿಯ ಮೊಣಕಾಲು ಧರ್ಮದ ವಿಷಯ. ನಡುರಾತ್ರಿ ಗುಡ್ಡದ ಜನಜಂಗುಳಿಯಲ್ಲಿ ಶೌಚಕ್ಕೆ ಜಾಗ ಸಿಗದೆ ಬೆಳಗಿನವರೆಗೆ ತಡೆದುಕೊಳ್ಳುವ ಸಕ್ಕರೆ ಕಾಯಿಲೆಯ ತಾಯಿಯ ಸಂಕಟವೂ ಧರ್ಮದ ವಿಷಯ. ಚಕ್ಕಡಿ ಎಂದೂ ಬಗೆಹರಿಸದ ಸಮಸ್ಯೆ ಇದು. ಜಾತ್ರೆಗೆ ಹೊರಟ ಎಷ್ಟೋ ಹೆಂಗಸರು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಒಂದು ಪರದೆ, ಒಂದು ಸಣ್ಣ ಕಮೋಡು, ಒಂದು ಬಕೆಟ್ ನೀರು ಇಟ್ಟುಕೊಂಡ ಹಳೇ ವ್ಯಾನ್ ಈ ಒಂದೇ ಕಾರಣಕ್ಕೆ ಕೊಳ್ಳಲು ಯೋಗ್ಯ. ಬಣ್ಣದ ದೀಪ, ಟಿವಿ, ಮೇಲ್ಚಾವಣಿಯ ಸ್ಪೀಕರು ಇವಕ್ಕೆ ಹಾಕುವ ಹಣಕ್ಕೆ ಆ ಯೋಗ್ಯತೆ ಇಲ್ಲ.

ಹಾಗಿದ್ದರೆ ಎಂಥ ಗಾಡಿ? ಕೈಯಲ್ಲಿ ಹಣ ಕಡಿಮೆ ಇರುವವರು ಸಾಮಾನ್ಯವಾಗಿ ನೋಡುವುದು ಮಾರುತಿ ಓಮ್ನಿ, ಈಕೋ, ಇಲ್ಲವೇ ಓಡಿ ಓಡಿ ಹಳೆಯದಾದ ಟೆಂಪೋ ಟ್ರಾವೆಲರ್. ಓಮ್ನಿ 1984ರಿಂದ 2019ರವರೆಗೆ ಬಂದ ಗಾಡಿ, 796 ಸಿಸಿ ಎಂಜಿನ್, ಒಟ್ಟು ಉದ್ದವೇ ಹನ್ನೊಂದು ಅಡಿ. ಯಾವ ಹಳ್ಳಿಯಲ್ಲೂ ರಿಪೇರಿ ಮಾಡುವವರಿದ್ದಾರೆ, ಬಿಡಿಭಾಗ ಸಿಗುತ್ತವೆ. ಆದರೆ ಚಾಲಕನ ಮೊಣಕಾಲ ಮುಂದೆ ತಗಡು ಬಿಟ್ಟರೆ ಹೆಚ್ಚೇನೂ ಇಲ್ಲ, ಐದಾರು ಮಂದಿಯೂ ಸಾಮಾನೂ ತುಂಬಿದರೆ ಗುಡ್ಡದ ಏರಿನಲ್ಲಿ ಅದು ಏದುಸಿರು ಬಿಡುತ್ತದೆ. 2010ರಲ್ಲಿ ಬಂದ ಈಕೋ ಓಮ್ನಿಗಿಂತ ಒಂದಡಿ ಹೆಚ್ಚು ಉದ್ದ, ಎಂಜಿನ್ ಸುಮಾರು 1200 ಸಿಸಿ. ಇಬ್ಬರು ಮಲಗಿ, ಉಳಿದವರು ಹೊರಗೆ ಡೇರೆ ಹಾಕಿಕೊಳ್ಳುವ ಕುಟುಂಬಕ್ಕೆ ಇದು ವಾಸಿ. ಟ್ರಾವೆಲರ್‌ನಲ್ಲಿ ಜಾಗ ಧಾರಾಳ, ಆದರೆ ಡೀಸೆಲ್, ಟಯರು, ತೆರಿಗೆ, ಫಿಟ್‌ನೆಸ್ ಎಲ್ಲ ಖರ್ಚೂ ಅದೇ ಅಳತೆಯಲ್ಲಿ ಬೆಳೆಯುತ್ತದೆ. ಒಂದು ಮನೆಗೆ ಅದು ಭಾರ. ಓಣಿಯವರೆಲ್ಲ ಸೇರಿ ಕೊಂಡು ಪಾದಯಾತ್ರೆಯ ಹಿಂದೆ ಓಡಿಸುವುದಾದರೆ ಅದೇ ಸರಿಯಾದ ಗಾಡಿ.

ಇಲ್ಲೊಂದು ಹಿಂಜರಿಕೆ ಎದುರಾಗುತ್ತದೆ. ಬಳಸಿದ ಗಾಡಿ ಎಂದರೆ ಯಾರದೋ ಕೈ ಮುಟ್ಟಿದ್ದು, ಯಾರ ಕಷ್ಟಕಾಲದಲ್ಲೋ ಮಾರಿದ್ದು. ಹಳೆಯ ಆಂಬ್ಯುಲೆನ್ಸ್ ಅಗ್ಗಕ್ಕೆ ಸಿಕ್ಕರೆ ಹೆಚ್ಚಿನವರು ಮುಖ ತಿರುಗಿಸುತ್ತಾರೆ. ಒಳಗೆ ಎತ್ತರ ಇದೆ, ಹಿಂದೆ ಅಗಲ ಬಾಗಿಲಿದೆ, ಮಲಗಿಸಲೆಂದೇ ಮಾಡಿದ ಗಾಡಿ. ಆದರೆ ಅದರಲ್ಲಿ ಯಾರೋ ಸತ್ತಿರಬಹುದು, ಅದರಲ್ಲಿ ದೇವರ ಕಡೆ ಹೇಗೆ ಹೋಗುವುದು ಎಂಬ ಅಳುಕು.

ಈ ಅಳುಕಿಗೆ ಸುರೇಬಾನದಲ್ಲೇ ಉತ್ತರವಿದೆ. ಊರ ಹತ್ತಿರದ ಶಬರಿಕೊಳ್ಳದಲ್ಲಿ ಶಬರಿಯ ಗುಡಿ ಇದೆ. ರಾಮನಿಗಾಗಿ ಕಾದ ಮುದುಕಿ ಪ್ರತಿ ಹಣ್ಣನ್ನೂ ತಾನು ಕಚ್ಚಿ, ಸಿಹಿಯಾದದ್ದನ್ನು ಮಾತ್ರ ಎತ್ತಿಟ್ಟಳು ಎಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ವಾಲ್ಮೀಕಿ ರಾಮಾಯಣದಲ್ಲಿ ಕಚ್ಚಿದ ಮಾತಿಲ್ಲ, ಕಾಡಿನ ಫಲಗಳನ್ನು ಕೂಡಿಟ್ಟಿದ್ದಳು ಎಂದಷ್ಟೇ ಇದೆ. ಎಂಜಲಿನ ಕಥೆಯನ್ನು ಸೇರಿಸಿದ್ದು ನಂತರದ ಭಕ್ತರು, ಮತ್ತು ಅವರು ಸೇರಿಸಿದ್ದೇ ಜನರ ಎದೆಯಲ್ಲಿ ನಿಂತಿತು. ಶರಣರೂ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಪ್ಪಲಿಲ್ಲ. ಜೀವ ಉಳಿಸಲು ಓಡಿದ ಗಾಡಿಗೆ ಮೈಲಿಗೆ ಎಲ್ಲಿಂದ ಬರಬೇಕು? ಆಂಬ್ಯುಲೆನ್ಸಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ: ಅವಸರದಲ್ಲಿ, ಹಗಲಿರುಳು ಓಡಿದ ಎಂಜಿನ್ ಮತ್ತು ಗೇರ್‌ಬಾಕ್ಸಿನಲ್ಲಿ ಇನ್ನೆಷ್ಟು ಜೀವ ಉಳಿದಿದೆ?

ಶಬರಿಯ ಕಥೆಯಲ್ಲಿ ಮಾರುವವರಿಗೂ ಪಾಠ ಇದೆ. ಹುಳಿಯಾದದ್ದನ್ನು ಕೊಡಬಾರದೆಂದೇ ಅವಳು ಕಚ್ಚಿ ನೋಡಿದ್ದು. ಗಾಡಿ ಓಡಿಸಿದವನಿಗೆ ಅದರ ಹುಳಿ ಸಿಹಿ ಎರಡೂ ಗೊತ್ತಿರುತ್ತದೆ. “ಒಂದ ಕೈ ಗಾಡಿರಿ, ಫುಲ್ ಕಂಡೀಶನ್” ಎನ್ನುವ ಬಾಯಿ ಬ್ರೇಕ್ ಒಂದು ಕಡೆ ಎಳೆಯುವುದನ್ನು ಮುಚ್ಚಿಟ್ಟರೆ, ಆ ಸುಳ್ಳು ವ್ಯಾಪಾರದ ಜಾಣತನದಲ್ಲಿ ಮುಗಿಯುವುದಿಲ್ಲ. ಗುಡ್ಡ ಇಳಿಯುವಾಗ ಗಾಡಿಯೊಳಗೆ ಮಕ್ಕಳಿರುತ್ತಾರೆ. ಕಾಯಕವನ್ನೇ ಪೂಜೆ ಎಂದ ನಾಡಿನಲ್ಲಿ ಹಳೇ ಗಾಡಿಯ ದಲ್ಲಾಳಿಯ ಬಾಯಲ್ಲೂ ಸತ್ಯವನ್ನು ನಿರೀಕ್ಷಿಸುವ ಹಕ್ಕು ಗಿರಾಕಿಗಿದೆ.

ನಿರೀಕ್ಷೆ ಇರಲಿ, ಪರೀಕ್ಷೆಯೂ ಇರಲಿ. ದೇವರ ದಾಸಿಮಯ್ಯ ದೇಹವನ್ನು ಬಂಡಿಗೆ ಹೋಲಿಸಿ ಅದಕ್ಕೆ ಕಡೆಗೀಲು ಬೇಕೆಂದ. ಅಚ್ಚಿನ ತುದಿಯ ಆ ಸಣ್ಣ ಕಬ್ಬಿಣದ ತುಂಡು ಕಳಚಿದರೆ ಚಕ್ರವೇ ಕಳಚುತ್ತದೆ ಎಂಬುದು ನೇಕಾರನಾದ ಅವನಿಗೂ ಗೊತ್ತಿತ್ತು, ಮಗ್ಗದ ಜೊತೆಗೇ ಬದುಕಿದ ರಾಮದುರ್ಗ, ಸುರೇಬಾನದ ಜನಕ್ಕೂ ಗೊತ್ತು. ಹಳೇ ವ್ಯಾನಿನ ಕಡೆಗೀಲುಗಳು ಕಣ್ಣಿಗೆ ಬೀಳದ ಜಾಗದಲ್ಲಿರುತ್ತವೆ.

ಬೆಳಿಗ್ಗೆ ಹೋಗಿ ಮೊದಲು ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಮಾರುವವನು ಆಗಲೇ ಒಮ್ಮೆ ಚಾಲೂ ಮಾಡಿದ್ದಾನೆ, ತಣ್ಣಗಿರುವಾಗ ಅದು ಹೇಗೆ ಹಿಡಿಯುತ್ತದೆ ಎಂಬುದು ಕಾಣುವುದಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಎದ್ದು ಬರುವುದು ಮೇಲು. ಚಾಲೂ ಆದ ಮೇಲೆ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರಬಾರದು. ಕಾಲಡಿಯ ರಬ್ಬರ್ ಚಾಪೆ ಎತ್ತಿಸಬೇಕು. ಚಾಪೆಯ ಕೆಳಗೆ ಹಸಿ ವಾಸನೆ ಬಂದರೆ, ತಗಡಿನ ಮೇಲೆ ಹೆಬ್ಬೆರಳು ಒತ್ತಿದಾಗ ಕಂದು ಪುಡಿ ಉದುರಿದರೆ, ಮೇಲಿನ ಹೊಸ ಬಣ್ಣಕ್ಕೆ ಬೆಲೆಯಿಲ್ಲ. ಬಾಗಿಲ ಕೆಳ ಅಂಚಿಗೆ ಒಂದು ಅಯಸ್ಕಾಂತದ ತುಂಡು ಹಚ್ಚಿ ನೋಡಬೇಕು. ಅದು ಹಿಡಿಯದೆ ಜಾರಿದರೆ ಒಳಗೆ ಇರುವುದು ಕಬ್ಬಿಣ ಅಲ್ಲ, ಪುಟ್ಟಿ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆ ಎಷ್ಟೇ ಆಳವಾಗಿ ಕಂಡರೂ ಬಿಸಿಲಲ್ಲಿ ನಿಂತು ಹಳೆಯದಾದ ರಬ್ಬರು ಭಾರ ಹೊತ್ತು ಓಡುವಾಗ ಒಡೆಯುತ್ತದೆ. ಕೊನೆಗೆ ನಾಲ್ಕು ಜನರನ್ನು ಕೂರಿಸಿಕೊಂಡು ಏರು ಹತ್ತಿಸಿ ಇಳಿಸಬೇಕು. ಖಾಲಿ ಗಾಡಿ ಬಯಲಲ್ಲಿ ತೋರದ ದೋಷವನ್ನು ಭಾರದ ಗಾಡಿ ಇಳಿಜಾರಿನಲ್ಲಿ ತೋರಿಸುತ್ತದೆ.

ಹಣದ ಲೆಕ್ಕವೂ ಇಲ್ಲೇ ಇದೆ. ಮೂರು ಲಕ್ಷ ಕೈಯಲ್ಲಿದ್ದರೆ ಎರಡು ಲಕ್ಷದ ಗಾಡಿ ನೋಡುವುದು ವಿವೇಕ. ಉಳಿದ ಒಂದು ಲಕ್ಷ ಟಯರು, ಬ್ರೇಕು, ಸಸ್ಪೆನ್ಷನ್, ಬ್ಯಾಟರಿ, ವಿಮೆ, ಹೆಸರು ಬದಲಾವಣೆಗೆ ಬೇಕೇ ಬೇಕು. ಹಾಸಿಗೆ ಕೊನೆಯದು. ಊರ ಬಡಿಗರಿಂದ ಹಲಗೆಯ ಮಂಚ ಮಾಡಿಸಿದರೂ ನಡೆಯುತ್ತದೆ, ಆದರೆ ಭಾರ ಕಡಿಮೆ ಇರಬೇಕು. ಐವತ್ತು ಲೀಟರ್ ನೀರು ಎಂದರೆ ಐವತ್ತು ಕಿಲೋ, ಅದೂ ಬ್ರೇಕಿನ ಮೇಲೆಯೇ ಬೀಳುವ ಭಾರ. ಒಲೆಯನ್ನು ಗಾಡಿಯ ಹೊರಗೆ ಹಚ್ಚಬೇಕು. ಚಳಿಯೆಂದು ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಮಲಗಿದರೆ ಇಂಗಾಲದ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ಕಾಗದಪತ್ರದ ವಿಷಯದಲ್ಲಿ ದೇವರ ಮೇಲೆ ಭಾರ ಹಾಕಬಾರದು. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಲ್ಹಾಪುರ, ಸಾಂಗಲಿ ಕಡೆಯ ಎಂಎಚ್ ಗಾಡಿ ಅಗ್ಗಕ್ಕೆ ಸಿಕ್ಕರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿ ಕಟ್ಟಬೇಕಾದ ತೆರಿಗೆ ಸೇರಿಸಿ ಬೆಲೆ ನೋಡಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ದಾಖಲೆ ಕೈಗೆ ಬರುವವರೆಗೆ ಮುಂಗಡ ಕೊಡಬಾರದು. ಸೀಟು ಕಿತ್ತು ಮಂಚ ಕೂರಿಸುವುದು ಗಾಡಿಯ ಮೂಲ ರೂಪ ಬದಲಿಸಿದಂತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ಅನುಮತಿಯಿಲ್ಲದೆ ಮಾಡಲು ಬಿಡುವುದಿಲ್ಲ. ಹಾಗಾಗಿ ಸೀಟು ಉಳಿಸಿಕೊಂಡೇ, ರಾತ್ರಿ ಹಾಸಿ ಬೆಳಿಗ್ಗೆ ಮಡಚಿಡುವ ಹಾಸಿಗೆ ಸಾಕು. ಬಿಳಿ ಫಲಕದ ಗಾಡಿಯಲ್ಲಿ ಜನರಿಂದ ಬಾಡಿಗೆ ಪಡೆಯುವಂತೆಯೂ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕೊಳ್ಳದಿರುವುದೇ ಸರಿ ಎನಿಸಿದರೆ ಅದರಲ್ಲಿ ಭಕ್ತಿಯ ಕೊರತೆ ಏನಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತ. ಗುಡ್ಡಕ್ಕೆ, ಗೊಡಚಿಗೆ ಒಬ್ಬಂಟಿಯಾಗಿ ಹೋಗಿಬರುವ ಧೈರ್ಯ ಎಷ್ಟೋ ಹೆಂಗಸರಿಗೆ ಆ ಟಿಕೆಟ್ಟಿನಿಂದ ಬಂತು. ಸಾಲ ಮಾಡಿ ಗಾಡಿ ತಂದು, ಕಂತು ಕಟ್ಟಲಾಗದೆ ಮುಂದಿನ ವರ್ಷ ಅದನ್ನೇ ಮಾರುವ ಮನೆಗಿಂತ ಬಸ್ಸು ಹತ್ತುವ ಮನೆ ಸುಖಿ. ಶಬರಿ ಎಲ್ಲಿಗೂ ಹೋಗಲಿಲ್ಲ ಎಂಬುದನ್ನೂ ನೆನೆಯಬೇಕು. ಅವಳು ಇದ್ದಲ್ಲೇ ಇದ್ದಳು, ದಿನವೂ ಅಂಗಳ ಗುಡಿಸಿದಳು, ನಡೆದು ಬಂದವನು ರಾಮ.

ಆದರೂ ನಡೆಯುವವರು ನಡೆಯುತ್ತಲೇ ಇರುತ್ತಾರೆ, ನಡೆಯಲಿ. ಪ್ರಶ್ನೆ ಅವರ ಹಿಂದೆ ಯಾರು ಬರುತ್ತಾರೆ ಎಂಬುದು. ಹಳೇ ವ್ಯಾನ್ ಕೊಳ್ಳುವ ಶಕ್ತಿ ಇರುವ ಮನೆ ಅದನ್ನು ತನ್ನ ಸುತ್ತಾಟಕ್ಕೆ ಮಾತ್ರ ಇಟ್ಟುಕೊಳ್ಳದೆ, ಬನದ ಹುಣ್ಣಿಮೆಯ ಎರಡು ರಾತ್ರಿ ಊರಿನ ಪಾದಯಾತ್ರೆಯ ಹಿಂದೆ ಬಿಟ್ಟುಕೊಟ್ಟರೆ ಆ ಗಾಡಿ ಚಕ್ಕಡಿಯ ಕಾಲದ ನ್ಯಾಯಕ್ಕೆ ಮರಳುತ್ತದೆ. ಒಳಗೆ ಕಾಲು ಸೋತವರು, ಹೊರಗೆ ಕಸುವಿದ್ದವರು. ಹಿಂದಿನ ಗಾಜಿಗೆ ಹೊಳೆಯುವ ಕೆಂಪು ಪಟ್ಟಿ, ನಡೆಯುವವರ ಕೊರಳಿಗೆ ಹೊಳೆಯುವ ಟವೆಲು, ನಿದ್ದೆಗೆಡದ ಚಾಲಕ.

ಗುಡ್ಡಕ್ಕೆ ಹೊರಡುವ ಊರಿನ ಹಿರಿಯರಲ್ಲಿ ಒಂದೇ ವಿನಂತಿ. ಈ ಸಲ ಪಾದಯಾತ್ರೆಯ ದಿನ ಗೊತ್ತುಮಾಡುವಾಗಲೇ ಹಿಂದೆ ಬರುವ ಗಾಡಿಯನ್ನೂ ಗೊತ್ತುಮಾಡಿ. ಅದರ ಬ್ರೇಕು, ಟಯರು, ವಿಮೆಯನ್ನು ಮುಂಚೆಯೇ ನೋಡಿಸಿ. ನಡುರಾತ್ರಿ ಯಾರೇ ಕರೆದರೂ ಸರಕು ಗಾಡಿ ಹತ್ತಬೇಡಿ ಎಂದು ನಡೆಯುವವರಿಗೆಲ್ಲ ಹೊರಡುವ ಮೊದಲೇ ಹೇಳಿ.